ಓವನ್‌ನಲ್ಲಿ ಬೇಕನ್: ಮೊದಲು ಕೊಬ್ಬು ಕರಗಲಿ

ದೊಡ್ಡ ಹೋಟೆಲುಗಳ ಬೆಳಗಿನ ಅಡುಗೆಮನೆಯಲ್ಲಿ ಬೇಕನ್ ಪಟ್ಟಿಗಳನ್ನು ತವೆಯ ಮೇಲೆ ಒಂದೊಂದಾಗಿ ಹುರಿಯುತ್ತ ಯಾರೂ ನಿಲ್ಲುವುದಿಲ್ಲ. ಅಂಚಿರುವ ಟ್ರೇಗಳಲ್ಲಿ ಸಾಲಾಗಿ ಹಾಸಿ ಓವನ್‌ಗೆ ತಳ್ಳುತ್ತಾರೆ. ನೂರು ಜನರ ನಾಷ್ಟಾಕ್ಕೆ ಬೇಕಾದಷ್ಟು ಬೇಕನ್ ಒಂದೇ ಬಣ್ಣ, ಒಂದೇ ಗರಿಯಲ್ಲಿ ಒಟ್ಟಿಗೆ ಹೊರಬರುತ್ತದೆ. ಬನಹಟ್ಟಿ, ರಬಕವಿ, ಜಮಖಂಡಿ, ಮುಧೋಳದ ಕಡೆಯಿಂದ ಗೋವಾ, ಪುಣೆ, ಬೆಂಗಳೂರಿನ ಹೋಟೆಲುಗಳಿಗೆ ಕೆಲಸಕ್ಕೆ ಸೇರುವ ಹುಡುಗರ ಕೈಗೆ ಈ ಟ್ರೇ ಬೇಗನೆ ಬರುತ್ತದೆ. ಊರಲ್ಲಿ ಕಂಡಿಲ್ಲ, ಮನೆಯಲ್ಲಿ ತಿಂದಿಲ್ಲ. ಕೈಗೆ ಬಂದ ಮೇಲೆ ಕಲಿಯಲೇಬೇಕು. ಕಲಿಸುವವರಿಗೆ ಪುರುಸೊತ್ತು ಇರುವುದಿಲ್ಲ. ‘200 ಡಿಗ್ರಿ, 20 ನಿಮಿಷ’ ಅನ್ನುತ್ತಾರೆ, ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಆ 20 ನಿಮಿಷದಲ್ಲಿ ಒಳಗೆ ಏನು ನಡೆಯುತ್ತದೆ ಎಂದು ತಿಳಿದವನು ಯಾವ ಓವನ್ ಕೊಟ್ಟರೂ, ಯಾವ ದಪ್ಪದ ಬೇಕನ್ ಕೊಟ್ಟರೂ ಹದ ತಪ್ಪಿಸುವುದಿಲ್ಲ. ಮನೆಗೊಂದು ಓಟಿಜಿ ತಂದಿಟ್ಟುಕೊಂಡು, ರಜೆಗೆ ಬರುವ ಮಕ್ಕಳಿಗಾಗಿ ಒಂದು ಪ್ಯಾಕೆಟ್ ಬೇಕನ್ ತರಿಸುವವರಿಗೂ ಇದೇ ತಿಳಿವಳಿಕೆ ಸಾಕು.

ಬೇಕನ್ ಅಂದರೆ ಉಪ್ಪಿನಲ್ಲಿ ಹದಗೊಳಿಸಿದ ಹಂದಿಮಾಂಸ. ಹೆಚ್ಚಾಗಿ ಸಿಗುವುದು ಹೊಟ್ಟೆಯ ಭಾಗದಿಂದ ತೆಗೆದದ್ದು: ಒಂದು ಗೆರೆ ಕೆಂಪು ಮಾಂಸ, ಒಂದು ಗೆರೆ ಬಿಳಿ ಕೊಬ್ಬು, ಮತ್ತೆ ಮಾಂಸ, ಮತ್ತೆ ಕೊಬ್ಬು. ಇದನ್ನು ಸ್ಟ್ರೀಕಿ ಬೇಕನ್ ಎನ್ನುತ್ತಾರೆ. ಬೆನ್ನಿನ ಭಾಗದ್ದು ಬ್ಯಾಕ್ ಬೇಕನ್. ಅದರಲ್ಲಿ ಮಾಂಸ ಜಾಸ್ತಿ, ಕೊಬ್ಬು ಒಂದು ಅಂಚಿಗೆ ಮಾತ್ರ. ಓವನ್‌ಗೆ ಹೇಳಿ ಮಾಡಿಸಿದ್ದು ಸ್ಟ್ರೀಕಿ. ಉಪ್ಪು ಹಚ್ಚಿ ಹೊಗೆ ಕೊಟ್ಟಿದ್ದರೂ ಪ್ಯಾಕೆಟ್ಟಿನ ಬೇಕನ್ ಸಾಮಾನ್ಯವಾಗಿ ಹಸಿಯೇ. ಆ ಹೊಗೆ ಪರಿಮಳಕ್ಕೆ ಮತ್ತು ಬಾಳಿಕೆಗೆ ಕೊಟ್ಟದ್ದು, ಬೇಯಿಸಲು ಕೊಟ್ಟದ್ದಲ್ಲ. ಬೇಯಿಸದೆ ತಿನ್ನುವ ಪದಾರ್ಥವಲ್ಲ ಎಂಬುದು ಮೊದಲೇ ಮನಸ್ಸಿನಲ್ಲಿರಲಿ.

ಪ್ಯಾಕೆಟ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದುವ ಅಭ್ಯಾಸ ಒಳ್ಳೆಯದು. ಐಎನ್‌ಎಸ್ 250 ಎಂದು ಬರೆದಿದ್ದರೆ ಅದು ಸೋಡಿಯಂ ನೈಟ್ರೈಟ್. ಬೇಯಿಸಿದ ಮೇಲೂ ಮಾಂಸ ನಸುಗೆಂಪಾಗಿ ಉಳಿಯುವುದು ಇದರಿಂದಲೇ. ಬಾಟ್ಯುಲಿಸಂ ಎಂಬ ಮಾರಕ ಕಾಯಿಲೆ ತರುವ ಬ್ಯಾಕ್ಟೀರಿಯಾವನ್ನು ತಡೆಯುವುದೂ ಇದೇ. ಐಎನ್‌ಎಸ್ 451 ಎಂದಿದ್ದರೆ ಫಾಸ್ಫೇಟು, ಅಂದರೆ ಮಾಂಸದೊಳಗೆ ನೀರು ಹಿಡಿದಿಡುವ ಪದಾರ್ಥ. ಕಾರ್ಖಾನೆಗಳಲ್ಲಿ ಉಪ್ಪುನೀರನ್ನು ಸೂಜಿಯಿಂದ ಮಾಂಸದೊಳಕ್ಕೆ ತುಂಬಿ ಬೇಗ ಹದಗೊಳಿಸುವ ಪದ್ಧತಿ ಇದೆ. ಅಂಥ ಬೇಕನ್ ಓವನ್‌ಗೆ ಹೋದ ಕೂಡಲೇ ನೀರು ಬಿಟ್ಟು, ಟ್ರೇ ತುಂಬ ಬಿಳಿ ನೊರೆ ಮಾಡಿಕೊಳ್ಳುತ್ತದೆ. ಆ ನೊರೆ ಕೆಟ್ಟದ್ದರ ಗುರುತಲ್ಲ. ನೀರಿನ ಜತೆ ಹೊರಬಂದ ಪ್ರೋಟೀನು ಅಷ್ಟೇ. ಆದರೆ ನೀರು ಆರುವವರೆಗೆ ಗರಿಯಾಗುವ ಕೆಲಸ ಶುರುವಾಗುವುದೇ ಇಲ್ಲ. ಒಣ ಉಪ್ಪು ಹಚ್ಚಿ ಹದಗೊಳಿಸಿದ ಬೇಕನ್‌ನಲ್ಲಿ ಈ ತೊಂದರೆ ಕಡಿಮೆ. ಬೆಲೆ ಹೆಚ್ಚಾದರೂ ಕೊನೆಗೆ ತಟ್ಟೆಗೆ ಬರುವ ತೂಕ ನೋಡಿದರೆ ಅದೇ ಲಾಭ ಎಂಬುದು ನನ್ನ ಅಭಿಪ್ರಾಯ.

ಈಗ ಒಳಗಿನ ಕೆಲಸಕ್ಕೆ ಬರೋಣ.

ಒಂದು ಬೇಕನ್ ಪಟ್ಟಿಯಲ್ಲಿ ಮೂರು ಸಂಗತಿಗಳಿವೆ: ನೀರು, ಕೊಬ್ಬು, ಮಾಂಸದ ಪ್ರೋಟೀನು. ಬಿಸಿ ತಾಗಿದಾಗ ಮೂರೂ ಒಟ್ಟಿಗೆ ಬದಲಾಗುವುದಿಲ್ಲ, ಒಂದೊಂದಕ್ಕೆ ಒಂದೊಂದು ಹೊತ್ತು. ಹಂದಿಯ ಕೊಬ್ಬು ಬಲು ಮೆದು; 30ರಿಂದ 40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಕರಗತೊಡಗುತ್ತದೆ. ಬನಹಟ್ಟಿಯ ಏಪ್ರಿಲ್ ಮಧ್ಯಾಹ್ನ ಪ್ಯಾಕೆಟ್ಟನ್ನು ಫ್ರಿಜ್‌ನಿಂದ ತೆಗೆದಿಟ್ಟರೆ ಪಟ್ಟಿಗಳು ಕೈಯಲ್ಲೇ ಜೋಲುವುದು ಇದಕ್ಕೇ. ಕುರಿಯ ಕೊಬ್ಬು ಹಾಗಲ್ಲ, ಅದು ಕರಗಲು ಹೆಚ್ಚು ಬಿಸಿ ಬೇಕು. ಚಳಿಗಾಲದಲ್ಲಿ ಮಟನ್ ಸಾರು ಉಂಡ ತಟ್ಟೆಯಲ್ಲಿ ಅದು ಬೇಗ ಹೆಪ್ಪುಗಟ್ಟುವುದನ್ನು ಎಲ್ಲರೂ ಕಂಡಿದ್ದೇವೆ. ಆದರೆ ಕೊಬ್ಬು ಕರಗಿದ ಮಾತ್ರಕ್ಕೆ ಹೊರಗೆ ಬರುವುದಿಲ್ಲ. ಅದು ಸಣ್ಣ ಸಣ್ಣ ಕೋಶಗಳಲ್ಲಿ, ನಾರಿನ ಬಲೆಯೊಳಗೆ ಕಟ್ಟಿಹಾಕಿದಂತೆ ಇರುತ್ತದೆ. ಆ ಬಲೆ ಸಡಿಲವಾಗಿ, ಕೋಶ ಒಡೆದು, ಕೊಬ್ಬು ಎಣ್ಣೆಯಾಗಿ ಹೊರಕ್ಕೆ ಹರಿಯಲು ಸಮಯ ಬೇಕು. ಬಿಸಿ ಜಾಸ್ತಿ ಮಾಡಿ ಈ ಸಮಯವನ್ನು ತೀರ ಕುಗ್ಗಿಸಲು ಆಗುವುದಿಲ್ಲ.

ಅತ್ತ ಮಾಂಸದ ಪ್ರೋಟೀನು 55–65 ಡಿಗ್ರಿಯಲ್ಲಿ ಬಿಗಿದುಕೊಳ್ಳತೊಡಗುತ್ತದೆ. ನೀರು ಹೊರಗೆ ಬಂದು ಆವಿಯಾಗುತ್ತದೆ. ಮೇಲ್ಮೈಯಲ್ಲಿ ನೀರು ಇರುವಷ್ಟು ಹೊತ್ತು ಅಲ್ಲಿಯ ಬಿಸಿ 100 ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ. ಓವನ್ ಎಷ್ಟೇ ಕಾದಿರಲಿ, ಬೇಕನ್ ಮಾತ್ರ ಬೇಯುತ್ತಿರುತ್ತದೆ, ಹುರಿಯುತ್ತಿರುವುದಿಲ್ಲ. ನೀರು ಆರಿ ಮೇಲ್ಮೈ 140 ಡಿಗ್ರಿ ದಾಟಿದ ಮೇಲೆ ಪ್ರೋಟೀನು ಮತ್ತು ಸಕ್ಕರೆ ಅಂಶಗಳು ಕೂಡಿ ಕಂದು ಬಣ್ಣ, ಹುರಿದ ಪರಿಮಳ ಹುಟ್ಟುತ್ತವೆ. ಇದಕ್ಕೆ ಮೇಯಾರ್ ಕ್ರಿಯೆ ಎಂದು ಹೆಸರು. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ರಸಾಯನವಿಜ್ಞಾನಿ ಲೂಯಿ ಕಮೀಲ್ ಮೇಯಾರ್ ಅವರಿಂದ ಬಂದದ್ದು.

ಹಾಗಾಗಿ ಬೇಕನ್‌ನ ಹದವೆಲ್ಲ ಒಂದು ಸರದಿಯ ಮೇಲೆ ನಿಂತಿದೆ. ಮೊದಲು ಕೊಬ್ಬು ಹೊರಬರಬೇಕು, ಆಮೇಲೆ ನೀರು ಆರಬೇಕು, ಕೊನೆಗೆ ಕಂದಾಗಬೇಕು. ಸರದಿ ತಪ್ಪಿ ಮಾಂಸ ಮೊದಲೇ ಕಂದಾಗಿಬಿಟ್ಟರೆ ಮಾಂಸದ ಗೆರೆ ಸುಟ್ಟು ಕಹಿಯಾಗುತ್ತದೆ, ಕೊಬ್ಬಿನ ಗೆರೆ ಬೆಳ್ಳಗೆ, ರಬ್ಬರಿನ ಹಾಗೆ ಉಳಿಯುತ್ತದೆ. ನಮ್ಮ ಕಡೆಯ ಖಡಕ್ ರೊಟ್ಟಿಯ ಲೆಕ್ಕವೂ ಇಂಥದೇ: ಉರಿ ಜೋರು ಮಾಡಿದರೆ ರೊಟ್ಟಿ ಮೇಲೆ ಕರಕಲಾಗಿ ಒಳಗೆ ಮೆತ್ತಗೆ ಉಳಿಯುತ್ತದೆ, ಸಣ್ಣ ಉರಿಯಲ್ಲಿ ಒತ್ತಿ ಒತ್ತಿ ನೀರು ತೆಗೆದರೇ ಅದು ತಿಂಗಳುಗಟ್ಟಲೆ ಇಟ್ಟರೂ ಮುರಿದಾಗ ಸಪ್ಪಳ ಮಾಡುವುದು.

ತವೆಯ ಮೇಲೆ ಈ ಸರದಿ ಕಾಪಾಡುವುದು ಕಷ್ಟ. ಬಿಸಿ ಕೆಳಗಿನಿಂದ ಮಾತ್ರ ಬರುತ್ತದೆ. ಮಾಂಸದ ಗೆರೆ ಕೊಬ್ಬಿನ ಗೆರೆಗಿಂತ ಬೇರೆ ರೀತಿ ಕುಗ್ಗುವುದರಿಂದ ಪಟ್ಟಿ ಸುರುಳುತ್ತದೆ. ಸುರುಳಿದ ಕಡೆ ತವೆಯ ಸ್ಪರ್ಶ ತಪ್ಪುತ್ತದೆ, ಮುಟ್ಟಿದ ಕಡೆ ಕರಕಲಾಗುತ್ತದೆ. ನೀರಿನ ಹನಿ ಬಿಸಿ ಎಣ್ಣೆಗೆ ಬಿದ್ದು ಚಟಪಟ ಸಿಡಿದು ಕೈ, ಗೋಡೆ, ಗ್ಯಾಸ್ ಒಲೆ ಎಲ್ಲ ಜಿಡ್ಡಾಗುತ್ತದೆ. ಓವನ್‌ನಲ್ಲಿ ಬಿಸಿ ಗಾಳಿ ಸುತ್ತ ಎಲ್ಲ ಕಡೆಯಿಂದ ಮುಟ್ಟುತ್ತದೆ, ಟ್ರೇ ಕೆಳಗಿನಿಂದ ಬಿಸಿ ಕೊಡುತ್ತದೆ, ಕರಗಿ ಹರಡಿದ ಕೊಬ್ಬು ಪಟ್ಟಿಯ ಅಡಿಯಲ್ಲಿ ನಿಂತು ಎಲ್ಲ ಕಡೆಗೂ ಬಿಸಿಯನ್ನು ಸಮನಾಗಿ ಹಂಚುತ್ತದೆ. ಬೇಕನ್ ತನ್ನದೇ ಕೊಬ್ಬಿನಲ್ಲಿ ನಿಧಾನವಾಗಿ ಕರಿದುಕೊಳ್ಳುತ್ತದೆ. ಮೇಲೆ ಎಣ್ಣೆ ಹಾಕುವ ಪ್ರಮೇಯವೇ ಇಲ್ಲ.

ಓವನ್ ಎಂದರೆ ಯಾವ ಓವನ್ ಎಂಬುದನ್ನು ಇಲ್ಲೇ ಸ್ಪಷ್ಟ ಮಾಡಿಬಿಡಬೇಕು. ನಮ್ಮಲ್ಲಿ ಬಹಳ ಮನೆಗಳಲ್ಲಿ ಮೈಕ್ರೋವೇವನ್ನೇ ಓವನ್ ಎನ್ನುತ್ತಾರೆ. ಬರೀ ಬಿಸಿ ಮಾಡುವ ಸೋಲೋ ಮೈಕ್ರೋವೇವ್ ಈ ಕೆಲಸಕ್ಕೆ ಬಾರದು. ಅದರೊಳಗೆ ಲೋಹದ ಟ್ರೇ ಇಡಲೂ ಬಾರದು. ಕನ್ವೆಕ್ಷನ್ ಇರುವ ಮೈಕ್ರೋವೇವ್ ಆಗಬಹುದು, ಕನ್ವೆಕ್ಷನ್ ಮೋಡ್‌ನಲ್ಲಿ ಮಾತ್ರ, ಅದರ ಪುಸ್ತಕದಲ್ಲಿ ಲೋಹದ ಟ್ರೇಗೆ ಒಪ್ಪಿಗೆ ಇದ್ದರೆ ಮಾತ್ರ. ಮನೆಗೆ ಸರಿಯಾದದ್ದು ಓಟಿಜಿ: ಮೇಲೊಂದು, ಕೆಳಗೊಂದು ಜೋಡಿ ರಾಡು ಇರುವ ಡಬ್ಬಿ.

ಓಟಿಜಿಗೆ ಒಂದು ಗುಣವಿದೆ, ಹೊರಗಿನ ಅಡುಗೆ ಪುಸ್ತಕಗಳು ಅದನ್ನು ಹೇಳುವುದಿಲ್ಲ. ಆ ಪುಸ್ತಕಗಳು ದೊಡ್ಡ ಓವನ್ ನೋಡಿ ಬರೆದವು. ನಮ್ಮ ಸಣ್ಣ ಡಬ್ಬಿಯಲ್ಲಿ ರಾಡು ಪದಾರ್ಥಕ್ಕೆ ತೀರ ಹತ್ತಿರ. ಡಯಲ್ ತಿರುಗಿಸಿದ ಮೇಲೆ ಹೇಳಿದ ಬಿಸಿ ತಲುಪುವವರೆಗೆ ರಾಡುಗಳು ಎಡೆಬಿಡದೆ ಉರಿಯುತ್ತವೆ. ಆಗ ಒಳಗಿನ ಗಾಳಿ ಇನ್ನೂ ತಣ್ಣಗಿದ್ದರೂ ರಾಡಿನ ಎದುರಿಗಿರುವ ಮೇಲ್ಮೈಗೆ ಕೆಂಡದ ಝಳ ಬಡಿಯುತ್ತದೆ. ಬಿಸಿ ತಲುಪಿದ ಮೇಲೆ ಆರುತ್ತವೆ, ಹೊತ್ತುತ್ತವೆ, ಆರುತ್ತವೆ. ‘ತಣ್ಣನೆಯ ಓವನ್‌ನಲ್ಲೇ ಬೇಕನ್ ಇಡಿ’ ಎಂಬ ಸಲಹೆ ತತ್ವದಲ್ಲಿ ಸರಿ, ಏಕೆಂದರೆ ನಿಧಾನ ಏರುವ ಬಿಸಿಯಲ್ಲಿ ಕೊಬ್ಬಿಗೆ ಹೊರಬರಲು ಕಾಲಾವಕಾಶ ಸಿಗುತ್ತದೆ. ಆದರೆ ಓಟಿಜಿಯಲ್ಲಿ ಎರಡೂ ರಾಡು ಹಾಕಿ ಹಾಗೆ ಮಾಡಿದರೆ ಮೇಲ್ಗಡೆಯ ಅಂಚುಗಳು ಮೊದಲೇ ಸುಡುತ್ತವೆ. ಆದ್ದರಿಂದ ನಾನು ಹೇಳುವ ಕ್ರಮ ಹೀಗೆ: ತಣ್ಣನೆಯ ಓಟಿಜಿಯಲ್ಲಿ ಟ್ರೇಯನ್ನು ನಡುವಿನ ಇಲ್ಲವೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಗೂಡಿನಲ್ಲಿಡಿ, ಕೆಳಗಿನ ರಾಡು ಮಾತ್ರ ಹಾಕಿ 200 ಡಿಗ್ರಿಗೆ ತಿರುಗಿಸಿ, ಹತ್ತು ನಿಮಿಷ ಕಳೆದು ಟ್ರೇಯಲ್ಲಿ ತಿಳಿ ಎಣ್ಣೆ ನಿಂತದ್ದು ಕಂಡ ಮೇಲೆ ಎರಡೂ ರಾಡು ಹಾಕಿ. ಫ್ಯಾನು ಇದ್ದರೆ ಆಗಲೇ ಹಾಕಿ, ಡಯಲ್ಲನ್ನು 180ಕ್ಕೆ ಇಳಿಸಿ. ಹೋಟೆಲಿನ ದೊಡ್ಡ ಓವನ್ ಸದಾ ಕಾದೇ ಇರುತ್ತದೆ, ಅಲ್ಲಿ ಈ ಪ್ರಶ್ನೆ ಏಳುವುದಿಲ್ಲ.

ಸಮಯ ದಪ್ಪದ ಮೇಲೆ ಹೋಗುತ್ತದೆ. ಮಾಮೂಲಿ ತೆಳು ಪಟ್ಟಿಗೆ ಕಾದ ಓವನ್‌ನಲ್ಲಿ 12ರಿಂದ 16 ನಿಮಿಷ, ದಪ್ಪ ಪಟ್ಟಿಗೆ 18ರಿಂದ 25. ತಣ್ಣಗಿನಿಂದ ಶುರು ಮಾಡಿದರೆ ಇದಕ್ಕೆ ಐದಾರು ನಿಮಿಷ ಸೇರಿಸಿ. ಇವು ಅಂದಾಜು ಮಾತ್ರ. ಸಣ್ಣ ಓಟಿಜಿಗಳ ಡಯಲ್ ಹೇಳುವ ಬಿಸಿಗೂ ಒಳಗಿನ ಬಿಸಿಗೂ ಇಪ್ಪತ್ತು ಡಿಗ್ರಿ ವ್ಯತ್ಯಾಸ ಬರುವುದು ಅಪರೂಪವಲ್ಲ. ಒಳಗೆ ತೂಗುಹಾಕುವ ಓವನ್ ಥರ್ಮಾಮೀಟರ್ ಒಂದು ಕೊಂಡರೆ ಬೇಕನ್‌ಗಷ್ಟೇ ಅಲ್ಲ, ಕೇಕು ಬಿಸ್ಕೀಟಿಗೂ ಉಪಯೋಗ.

ವೋಲ್ಟೇಜಿನ ಮಾತೂ ಇದೆ. ರಾಡು ಕೊಡುವ ಬಿಸಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರಿಳಿಯುತ್ತದೆ. 230 ವೋಲ್ಟ್‌ನಲ್ಲಿ 1500 ವ್ಯಾಟ್ ಕೊಡುವ ಓಟಿಜಿ, ಕರೆಂಟು 200 ವೋಲ್ಟ್‌ಗೆ ಇಳಿದಾಗ 1130 ವ್ಯಾಟ್‌ನ ಆಸುಪಾಸಿಗೆ ಬರುತ್ತದೆ. ಹೆಚ್ಚುಕಡಿಮೆ ಕಾಲು ಭಾಗ ಬಿಸಿ ಹೋಯಿತು. ವೋಲ್ಟೇಜ್ ಇಳಿದದ್ದನ್ನು ಮಗ್ಗದ ಮೋಟಾರಿನ ಸದ್ದಿನಲ್ಲೇ ಗುರುತಿಸುವ ಬನಹಟ್ಟಿಯ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥ ಹೊತ್ತಿನಲ್ಲಿ ಗಡಿಯಾರ ನಂಬದೆ ಬಣ್ಣ ನಂಬಿ. ಇನ್ನೊಂದು ಮಾತು: 1500 ವ್ಯಾಟ್ ಎಂದರೆ ಆರೂವರೆ ಆಂಪಿಯರು. ದೀಪ, ಫ್ಯಾನಿನ ಸಣ್ಣ 6 ಆಂಪಿಯರ್ ಪ್ಲಗ್ಗು ಅದನ್ನು ತಡೆಯುವುದಿಲ್ಲ. ದಪ್ಪ ಕಾಲಿನ 16 ಆಂಪಿಯರ್ ಪವರ್ ಪ್ಲಗ್ಗೇ ಬೇಕು, ನಡುವೆ ಎಕ್ಸ್‌ಟೆನ್ಷನ್ ಬೋರ್ಡು ಬೇಡ. ಮನೆಯ ಇನ್ವರ್ಟರ್ ಮೇಲೆ ಓಟಿಜಿ ಹಾಕಬೇಡಿ. ಖರ್ಚು ದೊಡ್ಡದಲ್ಲ, ಅರ್ಧ ಗಂಟೆ ಸತತ ಉರಿದರೂ ಮುಕ್ಕಾಲು ಯೂನಿಟ್.

ಟ್ರೇಗೆ ಅಂಚು ಇರಲೇಬೇಕು, ಕನಿಷ್ಠ ಎರಡು ಸೆಂಟಿಮೀಟರು. ಓಟಿಜಿ ಜತೆ ಬರುವ ಜಾಲರಿಯ ಮೇಲೆ ಬರೀ ಬೇಕನ್ ಹಾಸಿ ಕೆಳಗೆ ಟ್ರೇ ಇಡದೆ ಬಿಟ್ಟರೆ ಕರಗಿದ ಕೊಬ್ಬು ನೇರ ಕೆಂಪು ರಾಡಿನ ಮೇಲೆ ಸುರಿದು ಹೊಗೆ ಏಳುತ್ತದೆ, ಬೆಂಕಿಯೂ ಹತ್ತುತ್ತದೆ. ಹಾಗೇನಾದರೂ ಹತ್ತಿದರೆ ಬಾಗಿಲು ತೆರೆಯಬೇಡಿ. ಗಾಳಿ ಸಿಕ್ಕರೆ ಬೆಂಕಿ ಏಳುತ್ತದೆ. ಗೋಡೆಯ ಸ್ವಿಚ್ಚು ಆರಿಸಿ, ಬಾಗಿಲು ಮುಚ್ಚಿಯೇ ಇರಲಿ, ತಾನಾಗಿ ಆರುತ್ತದೆ. ಕೊಬ್ಬಿನ ಬೆಂಕಿಗೆ ನೀರು ಎರಚಲೇಬಾರದು.

ಟ್ರೇಯೊಳಗೆ ಅಲ್ಯುಮಿನಿಯಂ ಫಾಯಿಲ್ ಹಾಸಿ ಅಂಚುಗಳನ್ನು ಮೇಲಕ್ಕೆ ಮಡಿಸಿದರೆ ತೊಳೆಯುವ ಕೆಲಸ ಕಡಿಮೆ. ಕಾಗದ ಹಾಸುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ನಮ್ಮ ಅಂಗಡಿಗಳಲ್ಲಿ ಬಟರ್ ಪೇಪರ್ ಎಂದು ಕೊಡುವುದೆಲ್ಲ ಓವನ್‌ಗೆ ಆಗುವುದಿಲ್ಲ. ಸ್ವೀಟ್ ಕಟ್ಟಲು, ಚಪಾತಿ ಸುತ್ತಲು ಬಳಸುವ ಅಗ್ಗದ ಬಟರ್ ಪೇಪರು 200 ಡಿಗ್ರಿಯಲ್ಲಿ ಕಂದಿ ಹೊಗೆಯಾಡುತ್ತದೆ. ಬೇಕಾದದ್ದು ಸಿಲಿಕೋನ್ ಲೇಪನದ ಬೇಕಿಂಗ್ ಪೇಪರ್. ಎಷ್ಟು ಡಿಗ್ರಿ ತಡೆಯುತ್ತದೆ ಎಂದು ಅದರ ಡಬ್ಬಿಯ ಮೇಲೆ ಬರೆದಿರುತ್ತದೆ. ಕಾಗದದ ತುದಿ ಟ್ರೇಯಿಂದಾಚೆ ಚಾಚಿ ರಾಡಿಗೆ ತಾಗದಂತೆ ಕತ್ತರಿಸಿಕೊಳ್ಳಿ. ಓವನ್‌ನ ತಳಕ್ಕೆ ಫಾಯಿಲ್ ಹಾಸುವುದು ಬೇಡ, ಬಿಸಿ ತಿರುಗಿ ರಾಡಿಗೇ ಹೊಡೆಯುತ್ತದೆ.

ಟ್ರೇಯೊಳಗೆ ಜಾಲರಿ ಇಟ್ಟು ಅದರ ಮೇಲೆ ಬೇಕನ್ ಹಾಸಬೇಕೋ, ನೇರ ಟ್ರೇಯಲ್ಲೇ ಹಾಸಬೇಕೋ ಎಂಬ ವಾದ ಅಡುಗೆಯವರಲ್ಲಿ ಹಳೆಯದು. ಜಾಲರಿಯ ಮೇಲಿಟ್ಟರೆ ಕೊಬ್ಬು ಕೆಳಗೆ ಬೀಳುತ್ತದೆ, ಬೇಕನ್ ಒಣಗಿ ಗರಿಗರಿಯಾಗುತ್ತದೆ, ಜಾಲರಿಯ ಗೆರೆ ಮೂಡುತ್ತದೆ, ಆಮೇಲೆ ಜಾಲರಿ ತಿಕ್ಕುವಷ್ಟರಲ್ಲಿ ಸಾಕಾಗುತ್ತದೆ. ಟ್ರೇಯಲ್ಲೇ ಇಟ್ಟರೆ ಕೊಬ್ಬಿನಲ್ಲಿ ಕರಿದು ಬಣ್ಣ ಸಮನಾಗಿ ಬರುತ್ತದೆ, ತಿನ್ನುವಾಗ ಒಂದಿಷ್ಟು ಮಿದುವೂ ಉಳಿಯುತ್ತದೆ. ನನ್ನ ಮತ ಟ್ರೇಗೆ. ಬೆಲ್ಲ ಹಚ್ಚುವಾಗ ಮಾತ್ರ ಜಾಲರಿ ಬೇಕು, ಅದು ಮುಂದೆ ಬರುತ್ತದೆ.

ಪ್ಯಾಕೆಟ್ ಫ್ರೀಜರಿನಲ್ಲಿದ್ದರೆ ಹಿಂದಿನ ರಾತ್ರಿಯೇ ಕೆಳಗಿನ ಫ್ರಿಜ್‌ಗೆ ಇಳಿಸಿಡಿ. ಹೆಪ್ಪುಗಟ್ಟಿದ ಪಟ್ಟಿಗಳನ್ನು ಕಿತ್ತರೆ ಹರಿಯುತ್ತವೆ. ಅಡುಗೆ ಕಟ್ಟೆಯ ಮೇಲೆ ಬಿಸಿಲುಗಾಲದಲ್ಲಿ ಕರಗಲು ಬಿಡುವುದು ತಪ್ಪು. ಬಿಡಿಸಿದ ಪಟ್ಟಿಗಳನ್ನು ಒಂದರ ಪಕ್ಕ ಒಂದು ಹಾಸಿ. ಒಂದರ ಮೇಲೊಂದು ಏರಬಾರದು. ಮೈಗೆ ಮೈ ತಾಗಿದರೆ ಪರವಾಗಿಲ್ಲ, ಐದೇ ನಿಮಿಷದಲ್ಲಿ ಕುಗ್ಗಿ ತಾವೇ ದೂರ ಸರಿಯುತ್ತವೆ. ಮಗುಚಿ ಹಾಕುವ ಅಗತ್ಯವಿಲ್ಲ. ಸಣ್ಣ ಓಟಿಜಿಯಲ್ಲಿ ಹಿಂದಿನ ಮೂಲೆ ಹೆಚ್ಚು ಕಾಯುವುದರಿಂದ ಅರ್ಧ ದಾರಿಯಲ್ಲಿ ಟ್ರೇಯನ್ನು ಹಿಂದುಮುಂದಾಗಿ ತಿರುಗಿಸಿದರೆ ಸಾಕು. ತಿರುಗಿಸುವಾಗ ಟ್ರೇಯಲ್ಲಿ ಬಿಸಿ ಎಣ್ಣೆ ತುಳುಕುತ್ತಿರುತ್ತದೆ, ಎರಡೂ ಕೈಯಲ್ಲಿ ದಪ್ಪ ಬಟ್ಟೆ ಹಿಡಿದು ಮಟ್ಟವಾಗಿ ಎಳೆಯಿರಿ. ಮಕ್ಕಳು ಹತ್ತಿರ ಇರಬಾರದು.

ಹದ ಬಂದದ್ದು ಹೇಗೆ ಗೊತ್ತಾಗುತ್ತದೆ? ಗಾಜಿನ ಹತ್ತಿರ ಕಿವಿ ಕೊಡಿ. ಮೊದಮೊದಲು ಜೋರಾಗಿ ಸಿಡಿಯುವ ಸದ್ದು, ಅದು ನೀರು. ಸದ್ದು ಇಳಿದು ಸಣ್ಣಗೆ ಜುಂಯ್‌ಗುಡುವ ಹೊತ್ತಿಗೆ ನೀರು ಬಹುಪಾಲು ಹೋಗಿರುತ್ತದೆ. ಪಟ್ಟಿಯ ಸುತ್ತ ಏಳುವ ದೊಡ್ಡ ಗುಳ್ಳೆ ಹೋಗಿ ಸಣ್ಣ ನೊರೆ ಕಾಣುತ್ತದೆ. ಕೊಬ್ಬಿನ ಗೆರೆ ಬಿಳಿಯಿಂದ ಗಾಜಿನಂತೆ ಪಾರದರ್ಶಕವಾಗಿ, ಅಲ್ಲಿಂದ ಹೊಂಬಣ್ಣಕ್ಕೆ ತಿರುಗುತ್ತದೆ. ಮಾಂಸ ಗಾಢ ಕೆಂಪು. ಈ ಹಂತದಿಂದ ಮುಂದೆ ಒಂದೆರಡು ನಿಮಿಷದಲ್ಲೇ ಕಥೆ ಮುಗಿದುಹೋಗುತ್ತದೆ, ಓವನ್ ಬಿಟ್ಟು ಎಲ್ಲೂ ಹೋಗಬೇಡಿ. ನಿಮಗೆ ಬೇಕಾದ ಗರಿಗಿಂತ ಸ್ವಲ್ಪ ಮೊದಲೇ ತೆಗೆಯಿರಿ. ಟ್ರೇಯ ಬಿಸಿಗೆ ಇನ್ನಷ್ಟು ಬೇಯುತ್ತದೆ, ಆರುತ್ತ ಆರುತ್ತ ಗಟ್ಟಿಯಾಗುತ್ತದೆ. ಇಕ್ಕಳದಿಂದ ಒಂದು ಪಟ್ಟಿಯ ತುದಿ ಹಿಡಿದೆತ್ತಿದಾಗ ಅದು ಪೂರ್ತಿ ಜೋತು ಬೀಳದೆ, ಪೂರ್ತಿ ಕಡ್ಡಿಯಂತೆಯೂ ನಿಲ್ಲದೆ, ನಡುವೆ ಸ್ವಲ್ಪ ಬಾಗಿದರೆ ತೆಗೆಯುವ ಹೊತ್ತು. ಕೂಡಲೇ ಪೇಪರ್ ಟವೆಲ್ ಮೇಲೆ ಹಾಕಿ. ಹಸಿ ಇದ್ದಾಗಿನ ತೂಕದ ಮೂರನೆಯ ಒಂದು ಪಾಲು ಮಾತ್ರ ಉಳಿದಿರುತ್ತದೆ. ಮೋಸವಾಯಿತು ಎಂದುಕೊಳ್ಳಬೇಡಿ, ಹೋದದ್ದು ನೀರು ಮತ್ತು ಟ್ರೇಯಲ್ಲಿ ಕಾಣುವ ಕೊಬ್ಬು.

ಹೋಟೆಲಿನಲ್ಲಿ ಇದನ್ನೇ ಎರಡು ಕಂತಿನಲ್ಲಿ ಮಾಡುತ್ತಾರೆ. ಮೊದಲು ಕೊಬ್ಬು ಕರಗಿ ಬಣ್ಣ ಬರುವ ಮುಂಚೆಯೇ ತೆಗೆದು, ಬಸಿದು, ತಣ್ಣಗಿಡುತ್ತಾರೆ; ಗಿರಾಕಿ ಬಂದಾಗ ಮೂರು ನಾಲ್ಕು ನಿಮಿಷ ಕಾದ ಓವನ್‌ಗೆ ಕೊಟ್ಟು ಗರಿ ಮಾಡುತ್ತಾರೆ. ಹೊಸ ಹುಡುಗರು ಈ ಮೊದಲ ಕಂತಿನಲ್ಲೇ ಅವಸರ ಮಾಡಿ ಬಣ್ಣ ತಂದುಬಿಡುತ್ತಾರೆ, ಎರಡನೆಯ ಕಂತಿನಲ್ಲಿ ಅದು ಇದ್ದಿಲಾಗುತ್ತದೆ. ಮೊದಲ ಕಂತಿನ ಗುರಿ ಕೊಬ್ಬು, ಎರಡನೆಯದರ ಗುರಿ ಬಣ್ಣ.

ಉಪ್ಪು ಮತ್ತು ಹೊಗೆಯಲ್ಲಿ ಹಂದಿಮಾಂಸ ಕಾಪಿಡುವುದು ಕರ್ನಾಟಕಕ್ಕೆ ಹೊರಗಿನಿಂದ ಬಂದ ವಿದ್ಯೆಯೇನಲ್ಲ. ಕೊಡಗಿನಲ್ಲಿ ಮಾಂಸಕ್ಕೆ ಉಪ್ಪು, ಅರಿಶಿನ ಹಚ್ಚಿ ಒಲೆಯ ಮೇಲ್ಗಡೆ ಹೊಗೆಗೆ ತೂಗುಹಾಕಿ ಒಣಗಿಸಿಡುವ ರೂಢಿ ಹಳೆಯದು. ಮುಂಗಾರಿನ ಎಡೆಬಿಡದ ಮಳೆಯಲ್ಲಿ ಬಿಸಿಲು ಕಾಣದ ಊರಿಗೆ ಹೊಗೆಯೇ ಗತಿ. ಅಲ್ಲಿಯ ಪಂದಿ ಕರಿಯಲ್ಲೂ ಕೊಬ್ಬು ತೆಗೆಯದ ತುಂಡುಗಳನ್ನು ಬಳಸಿ, ಆ ಕೊಬ್ಬಿನ ಭಾರವನ್ನು ಕಾಚಂಪುಳಿಯ ಕಪ್ಪು ಹುಳಿಯಿಂದ ಸರಿದೂಗಿಸುತ್ತಾರೆ. ಇಂಗ್ಲಿಷರ ನಾಷ್ಟಾದ ಬೇಕನ್ ಮಾತ್ರ ದಂಡಿನ ಜತೆ ಬಂತು. 1809ರಲ್ಲಿ ಬೆಂಗಳೂರಿನ ದಂಡುಪ್ರದೇಶ ಹುಟ್ಟಿತು, 1882ರಲ್ಲಿ ಚಾಮರಾಜೇಂದ್ರ ಒಡೆಯರು ಕೊಟ್ಟ ಜಮೀನಿನಲ್ಲಿ ಆಂಗ್ಲೋ-ಇಂಡಿಯನ್ನರ ವೈಟ್‌ಫೀಲ್ಡ್ ಎದ್ದಿತು. ಈ ಅಡುಗೆಗಳು ಅಲ್ಲಿ ಬೇರುಬಿಟ್ಟವು. ಸ್ವಾತಂತ್ರ್ಯಾನಂತರ ಸರ್ಕಾರವೇ ಅಲಿಗಢ, ಹರಿಂಘಟ, ಗನ್ನವರಂ, ಬೊರಿವಲಿಗಳಲ್ಲಿ ಬೇಕನ್ ಕಾರ್ಖಾನೆಗಳನ್ನು ತೆರೆದಿತ್ತು. ಬನಹಟ್ಟಿಗೆ ಹತ್ತಿರವೆಂದರೆ ಬೆಳಗಾವಿ: ಕ್ಯಾಂಪು ಇರುವ ಊರು, ಕ್ರೈಸ್ತ ಕುಟುಂಬಗಳಿರುವ ಊರು, ಗೋವಾದ ದಾರಿ. ಅಲ್ಲಿಂದ ತರುವವರು ಐಸ್ ಪ್ಯಾಕ್ ಹಾಕಿದ ಡಬ್ಬಿ ಒಯ್ಯಿರಿ. ಬಸ್ಸಿನಲ್ಲಿ ಕರಗಿ ಬೆಚ್ಚಗಾದ ಬೇಕನ್ನನ್ನು ಮತ್ತೆ ಫ್ರೀಜರಿಗೆ ಹಾಕುವುದು ಒಳ್ಳೆಯದಲ್ಲ. ತಣ್ಣಗೆ ಇರುವಾಗಲೇ ಮನೆ ಮುಟ್ಟಿಸಿ, ಬೇಗ ಮಾಡಿ ಮುಗಿಸಿ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ನಮ್ಮ ದೇಶದಲ್ಲಿ ಹಂದಿಮಾಂಸದ ಮಾತು ಬಂದರೆ ಲಾಡಿಹುಳದ ಭಯ ಬರುತ್ತದೆ, ಆ ಭಯಕ್ಕೆ ಕಾರಣವಿದೆ. ಬಯಲಲ್ಲಿ ಅಲೆದು ಹೊಲಸು ತಿಂದ ಹಂದಿಯ ಮಾಂಸದಲ್ಲಿ ಟೀನಿಯಾ ಸೋಲಿಯಂ ಎಂಬ ಹುಳದ ಸಣ್ಣ ಗುಳ್ಳೆಗಳಿರಬಹುದು. ಅರೆಬೆಂದ ಮಾಂಸ ತಿಂದರೆ ಕರುಳಿನಲ್ಲಿ ಲಾಡಿಹುಳ ಬೆಳೆಯುತ್ತದೆ. ಮಿದುಳಿಗೆ ಹೋಗಿ ಮೂರ್ಛೆರೋಗ ತರುವುದು ಬೇರೆ ದಾರಿಯಿಂದ: ಹುಳವಿರುವ ಮನುಷ್ಯನ ಮಲದ ಮೂಲಕ ಮೊಟ್ಟೆಗಳು ನೀರಿಗೆ, ಸೊಪ್ಪಿಗೆ, ತೊಳೆಯದ ಕೈಗೆ ಅಂಟಿ ಹೊಟ್ಟೆ ಸೇರಿದಾಗ. ಹಂದಿಯನ್ನು ಮುಟ್ಟದ ಸಸ್ಯಾಹಾರಿಗೂ ಅದು ಬರುವುದು ಹೀಗೆಯೇ. ಬೇಕನ್ ಮಟ್ಟಿಗೆ ಹೇಳುವುದಾದರೆ, ಸಾಕಣೆ ಕೇಂದ್ರದ ಹಂದಿಯದ್ದು, ಪರವಾನಗಿ ಸಂಖ್ಯೆ ಇರುವ ಪ್ಯಾಕೆಟ್ಟೇ ಕೊಳ್ಳಿ. ಪಟ್ಟಿ ಗರಿಯಾಗುವಷ್ಟು ಬೆಂದರೆ ಒಳಗಿನ ಬಿಸಿ ಹುಳ ಸಾಯುವ ಮಟ್ಟವನ್ನು ದಾಟಿ ಬಹಳ ಮುಂದೆ ಹೋಗಿರುತ್ತದೆ. ಹಸಿ ಬೇಕನ್ ಮುಟ್ಟಿದ ಕೈ, ಮಣೆ, ಚಾಕು ಸೋಪಿನಲ್ಲಿ ತೊಳೆಯಬೇಕು.

ದಿನವೂ ತಿನ್ನುವ ಪದಾರ್ಥ ಇದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಬೇಕನ್, ಹ್ಯಾಮ್, ಸಾಸೇಜುಗಳಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಸುಮಾರು ಶೇ. 18ರಷ್ಟು ಹೆಚ್ಚುತ್ತದೆ ಎಂದು ಹೇಳಿತು. ಉಪ್ಪು ಬೇರೆ ಹೇರಳ. ರಕ್ತದೊತ್ತಡ ಇರುವವರು ದೂರ ಇರುವುದೇ ವಾಸಿ. ನೈಟ್ರೈಟ್ ಇರುವ ಮಾಂಸವನ್ನು ಕರಕಲು ಮಾಡಿದಷ್ಟೂ ನೈಟ್ರೋಸಮೈನ್ ಎಂಬ ಕೆಟ್ಟ ಸಂಯುಕ್ತಗಳು ಹೆಚ್ಚುತ್ತವೆ. ಹೊಂಬಣ್ಣಕ್ಕೆ ನಿಲ್ಲಿಸುವುದು ರುಚಿಗೂ ಒಳ್ಳೆಯದು, ಮೈಗೂ ಒಳ್ಳೆಯದು.

ಹಂದಿ ಬೇಡ ಎನ್ನುವವರಿಗೆ ಚಿಕನ್ ಬೇಕನ್ ಸಿಗುತ್ತದೆ. ಅದರ ಸ್ವಭಾವ ಬೇರೆಯೇ. ಸಾಮಾನ್ಯವಾಗಿ ಅರೆದು ಒತ್ತಿ ಪಟ್ಟಿ ಮಾಡಿದ್ದು, ಕೊಬ್ಬು ಬಹಳ ಕಡಿಮೆ. ಕರಗಿ ಹೊರಬರಬೇಕಾದ ಕೊಬ್ಬೇ ಇಲ್ಲದ ಮೇಲೆ ತಣ್ಣನೆಯ ಓವನ್‌ನ ಉಪಾಯಕ್ಕೂ ಅರ್ಥವಿಲ್ಲ. ಟ್ರೇಗೆ ಎಣ್ಣೆ ಸವರಿ, ಪಟ್ಟಿಯ ಮೇಲೂ ಸವರಿ, ಕಾದ ಓವನ್‌ನಲ್ಲಿ 180 ಡಿಗ್ರಿಗೆ ಹತ್ತು ನಿಮಿಷದ ಆಸುಪಾಸು ಕೊಡಿ. ಹಂದಿ ಬೇಕನ್‌ನಷ್ಟು ಗರಿ ನಿರೀಕ್ಷಿಸಬೇಡಿ.

ಇನ್ನು ಬೆಲ್ಲ. ಅಮೆರಿಕದವರು ಮೇಪಲ್ ಮರದ ಪಾಕವನ್ನೋ ಕಂದು ಸಕ್ಕರೆಯನ್ನೋ ಹಚ್ಚಿ ಸಿಹಿ ಬೇಕನ್ ಮಾಡುತ್ತಾರೆ. ಕೃಷ್ಣೆ ಘಟಪ್ರಭೆಯ ನಡುವಿನ ಈ ಕಬ್ಬಿನ ಸೀಮೆಯಲ್ಲಿ ಅದನ್ನೆಲ್ಲ ತರಿಸಬೇಕಾಗಿಲ್ಲ. ಹತ್ತಿರದ ಮಹಾಲಿಂಗಪುರದ ಬೆಲ್ಲ ಕೈಗೆ ಸಿಗುವಂತಿದೆ, ಉಪ್ಪು ಮತ್ತು ಹೊಗೆಗೆ ಅದು ಮೇಪಲ್‌ಗಿಂತ ಚೆನ್ನಾಗಿ ಹೊಂದುತ್ತದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಬೆಲ್ಲದಲ್ಲಿ ಸಕ್ಕರೆಯ ಜತೆಗೆ ಗ್ಲೂಕೋಸು, ಫ್ರಕ್ಟೋಸು ಇರುತ್ತವೆ. ಫ್ರಕ್ಟೋಸು 110 ಡಿಗ್ರಿಯ ಸುಮಾರಿಗೇ ಕಂದತೊಡಗುತ್ತದೆ, ಬಿಳಿ ಸಕ್ಕರೆಗೆ 160 ದಾಟಬೇಕು. ಆದ್ದರಿಂದ ಬೆಲ್ಲವನ್ನು ಮೊದಲೇ ಹಚ್ಚಿದರೆ ಕೊಬ್ಬು ಕರಗುವ ಮುಂಚೆ ಬೆಲ್ಲ ಸುಟ್ಟು ಕಹಿಯಾಗುತ್ತದೆ. ಮಾಡುವ ರೀತಿ ಹೀಗೆ: ದಪ್ಪ ಪಟ್ಟಿಗಳನ್ನು ಮೇಲೆ ಹೇಳಿದಂತೆ ಟ್ರೇಯಲ್ಲಿ ಬೇಯಿಸಿ, ಕೊಬ್ಬು ಹೊರಬಂದು ಬಣ್ಣ ತಿರುಗುವ ಮುಂಚೆ ತೆಗೆಯಿರಿ. ಕೊಬ್ಬನ್ನು ಬಸಿದುಕೊಳ್ಳಿ. ಟ್ರೇಗೆ ಹೊಸ ಫಾಯಿಲ್ ಹಾಸಿ, ಎಣ್ಣೆ ಸವರಿದ ಜಾಲರಿ ಇಟ್ಟು, ಅದರ ಮೇಲೆ ಪಟ್ಟಿಗಳನ್ನು ಜೋಡಿಸಿ. ಕಾಲು ಕಿಲೋ ಬೇಕನ್‌ಗೆ ಎರಡು ದೊಡ್ಡ ಚಮಚ ಪುಡಿ ಬೆಲ್ಲ, ಒಂದು ಚಮಚ ನೀರು, ಅರ್ಧ ಸಣ್ಣ ಚಮಚ ಕುಟ್ಟಿದ ಕಾಳುಮೆಣಸು, ಬಣ್ಣಕ್ಕೆ ಚಿಟಿಕೆ ಬ್ಯಾಡಗಿ ಖಾರಪುಡಿ ಕಲಸಿ ತೆಳ್ಳಗೆ ಸವರಿ. ಓವನ್ 170 ಡಿಗ್ರಿಗೆ ಇಳಿಸಿ ಆರೆಂಟು ನಿಮಿಷ ಸಾಕು; ಬೆಲ್ಲ ಗುಳ್ಳೆಯೆದ್ದು ಹೊಳಪು ಬಂದ ಕೂಡಲೇ ತೆಗೆಯಬೇಕು. ಪೇಪರ್ ಟವೆಲ್ ಮೇಲೆ ಮಾತ್ರ ಹಾಕಬೇಡಿ, ಅಂಟಿ ಕಾಗದ ಸಮೇತ ತಿನ್ನಬೇಕಾಗುತ್ತದೆ. ಎಣ್ಣೆ ಸವರಿದ ತಟ್ಟೆಯಲ್ಲಿ ಆರಲು ಬಿಡಿ. ಹತ್ತು ನಿಮಿಷದಲ್ಲಿ ಚಿಕ್ಕಿಯ ಗಡಸು ಬರುತ್ತದೆ.

ಬನಹಟ್ಟಿಯಂಥ ಊರಿನಲ್ಲಿ ಮಾಂಸ ಮುಟ್ಟದ ಮನೆಗಳು ಬಹಳ, ಹಂದಿ ಮುಟ್ಟದ ಮನೆಗಳು ಇನ್ನೂ ಬಹಳ; ಗೋಡೆಗೆ ಗೋಡೆ ತಾಗಿದ ಓಣಿಗಳು. ಬೇಕನ್‌ನ ವಾಸನೆ ಗಂಟೆಗಟ್ಟಲೆ ನಿಲ್ಲುತ್ತದೆ. ಮನೆಯಲ್ಲೇ ತಿನ್ನದ ಹಿರಿಯರಿದ್ದರೆ ಅವರನ್ನು ಕೇಳಿ ಮಾಡಿ. ಟ್ರೇ, ಜಾಲರಿ, ಇಕ್ಕಳ ಇದಕ್ಕೆಂದೇ ಬೇರೆ ಇರಲಿ. ಓವನ್‌ನ ಒಳಗೋಡೆಗೆ ಹಾರಿದ ಜಿಡ್ಡನ್ನು ಬೆಚ್ಚಗಿರುವಾಗಲೇ ಅಡುಗೆ ಸೋಡಾ ಕಲಸಿದ ಒದ್ದೆ ಬಟ್ಟೆಯಿಂದ ಒರೆಸಿದರೆ ಮರುದಿನದ ಕೇಕಿಗೆ ಅದರ ವಾಸನೆ ಹತ್ತುವುದಿಲ್ಲ. ಪ್ಲಗ್ ಕಿತ್ತು ಒರೆಸಬೇಕು ಎಂಬುದು ಹೇಳದಿದ್ದರೂ ಗೊತ್ತಿರುವ ಮಾತು, ಆದರೂ ಹೇಳಿದ್ದೇನೆ. ಹೊರಗಿನ ಬೇಕರಿಯ ಓವನ್‌ನಲ್ಲಿ ಮಾಡಿಸಿಕೊಳ್ಳುವ ಯೋಚನೆ ಬೇಡ. ಅಲ್ಲಿಯ ಬ್ರೆಡ್ಡು ಬೆಣ್ಣೆ ಬಿಸ್ಕೀಟನ್ನು ನಂಬಿ ಕೊಳ್ಳುವವರು ಊರ ತುಂಬ ಇದ್ದಾರೆ.

ಟ್ರೇಯಲ್ಲಿ ಉಳಿದ ಕೊಬ್ಬನ್ನು ಚರಂಡಿಗೆ ಸುರಿಯಬೇಡಿ, ಪೈಪಿನೊಳಗೆ ಹೆಪ್ಪುಗಟ್ಟಿ ಕೂರುತ್ತದೆ. ಕಾಲು ಕಿಲೋ ಬೇಕನ್‌ನಿಂದ ಮೂರು ನಾಲ್ಕು ದೊಡ್ಡ ಚಮಚ ಸಿಗುತ್ತದೆ. ಕೈ ತಾಳುವಷ್ಟು ಆರಿದ ಮೇಲೆ ಸ್ಟೀಲಿನ ಚಹಾ ಸೋಸಣಿಗೆಯಲ್ಲಿ ತೆಳು ಬಟ್ಟೆ ಇಟ್ಟು ಸೋಸಿ. ಕೆಳಗುಳಿಯುವ ಕಂದು ಚೂರುಗಳೇ ಕೊಬ್ಬನ್ನು ಬೇಗ ಕೆಡಿಸುವುದು. ಒಣಗಿದ ಗಾಜಿನ ಬಾಟಲಿಯಲ್ಲಿ ತುಂಬಿ ಫ್ರಿಜ್‌ನಲ್ಲಿಟ್ಟರೆ ಬಿಳಿ ಮುದ್ದೆಯಾಗಿ ನಿಲ್ಲುತ್ತದೆ. ಮೊಟ್ಟೆ ಹುರಿಯಲು, ಬೇಯಿಸಿದ ಆಲೂಗಡ್ಡೆ ಕೆಂಪಗೆ ಮಾಡಲು ಒಂದು ಚಮಚ ಸಾಕು, ಅದರಲ್ಲೇ ಉಪ್ಪಿರುತ್ತದೆ. ಬೆಂದು ಉಳಿದ ಬೇಕನ್ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನೊಳಗೆ ನಾಲ್ಕು ದಿನ ಇರುತ್ತದೆ. ಮತ್ತೆ ಬಿಸಿ ಮಾಡುವಾಗ 180 ಡಿಗ್ರಿಯ ಓವನ್‌ನಲ್ಲಿ ಮೂರು ನಿಮಿಷ ಕೊಡಿ.